ಮೂತಿಯ ಭಾರ: ಮುಂಚಕ್ರ ಚಾಲನೆಯ ಕಾರಿನ ತೂಕವನ್ನು ಹಿಂದಕ್ಕೆ ತಂದ ಲೆಕ್ಕ

ಹಿಂದಿನ ಸೀಟು, ಸ್ಟೆಪ್ನಿ, ಜ್ಯಾಕು, ಡಿಕ್ಕಿಯ ಹಲಗೆ, ನೆಲಹಾಸು, ಇವೆಲ್ಲವನ್ನೂ ಬಿಚ್ಚಿ ಹೊರಗಿಟ್ಟು 52 ಕಿಲೋ ಇಳಿಸಿದೆನೆಂದು ಸಂತೋಷಪಟ್ಟಿದ್ದ ನನಗೆ, ಕಾರನ್ನು ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸಿದ ದಿನ ತಿಳಿದದ್ದು ಬೇರೆಯೇ ಸಂಗತಿ. ಮುಂದಿನ ಆಕ್ಸಲಿನ, ಅಂದರೆ ಮುಂದಿನ ಎರಡು ಚಕ್ರಗಳ ಅಚ್ಚಿನ, ಮೇಲಿನ ಭಾರ ಕಡಿಮೆಯಾಗುವುದಿರಲಿ, ಮಾರ್ಪಾಡು ಮಾಡುವ ಮೊದಲಿಗಿಂತ 24 ಕಿಲೋ ಹೆಚ್ಚಾಗಿತ್ತು. ಕಾರಿನ ಒಟ್ಟು ತೂಕ ಇಳಿದಿತ್ತು, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಹಾಕಿಸಿದ್ದರಿಂದ ಅದರ ಶಕ್ತಿ ಏರಿತ್ತು, ಆದರೂ ಕಾರು ತಿರುವಿನಲ್ಲಿ ಮೊದಲಿಗಿಂತ ಕೆಟ್ಟದಾಗಿ ವರ್ತಿಸುತ್ತಿದ್ದುದಕ್ಕೆ ಕಾರಣ ಆ ನಾಲ್ಕು ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಅದಕ್ಕೂ ಮೊದಲು ಟೈರುಗಳು ಇದನ್ನೇ ಹೇಳಿದ್ದವು, ನಾನು ಕೇಳಿಸಿಕೊಂಡಿರಲಿಲ್ಲ. ಮುಂದಿನ ಎರಡೂ ಟೈರುಗಳ ಹೊರ ಅಂಚು ಸವೆದು ನುಣ್ಣಗಾಗಿದ್ದಾಗ ಒಳ ಅಂಚಿನಲ್ಲಿ ಗೆರೆಗಳ ಆಳ ಇನ್ನೂ ಅರ್ಧದಷ್ಟು ಉಳಿದಿತ್ತು, ಹಿಂದಿನ ಟೈರುಗಳಂತೂ ಹೊಸದರಂತೆಯೇ ಇದ್ದವು. ಸ್ಟಿಯರಿಂಗ್ ತಿರುಗಿಸಿದಷ್ಟು ಕಾರು ತಿರುಗದೆ ತಿರುವಿನ ಹೊರಬದಿಗೆ ಜಾರುವ ಈ ಗುಣವನ್ನು ಅಂಡರ್‌ಸ್ಟಿಯರ್ ಎನ್ನುತ್ತಾರೆ. ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುವ, ಅಂದರೆ ಮುಂಚಕ್ರ ಚಾಲನೆಯ, ಕಾರುಗಳಲ್ಲಿ ಅದು ಸಹಜವೆಂದು ಎಲ್ಲರೂ ಒಪ್ಪಿಕೊಂಡಿರುತ್ತೇವೆ. ಸಹಜವಾದ ಅಂಡರ್‌ಸ್ಟಿಯರ್ ಎಷ್ಟು, ನಾವಾಗಿಯೇ ತಂದುಕೊಂಡದ್ದು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕಾದರೆ ತೂಗಲೇಬೇಕು.

ಮುಂಚಕ್ರ ಚಾಲನೆಯ ಕಾರಿಗೆ ಮೂತಿ ಭಾರವಾಗಿರುವುದು ಅದರ ವಿನ್ಯಾಸದಲ್ಲಿಯೇ ಇದೆ. 1959ರ ಮಿನಿ ಕಾರಿನಲ್ಲಿ ಅದರ ವಿನ್ಯಾಸಕ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡಲಾಗಿ ಇರಿಸಿ ಗೇರ್‌ಬಾಕ್ಸನ್ನು ಅದರ ಕೆಳಗೆ, ಎಂಜಿನ್ ಎಣ್ಣೆಯ ತೊಟ್ಟಿಯಲ್ಲೇ ಕೂರಿಸಿದರು. 1964ರ ಆಟೋಬಿಯಾಂಕಿ ಪ್ರಿಮುಲಾ ಕಾರಿನಲ್ಲಿ ವಿನ್ಯಾಸಕ ಡಾಂಟೆ ಜಕೋಸಾ ಅವರು ಗೇರ್‌ಬಾಕ್ಸನ್ನು ಅಡ್ಡ ಎಂಜಿನ್ನಿನ ಒಂದು ತುದಿಗೆ ಜೋಡಿಸಿದರು. ಈ ಎರಡನೆಯ ಜೋಡಣೆಯೇ ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ಉಳಿದುಬಂದಿದೆ. ಇದರಲ್ಲಿ ಎರಡೂ ಚಕ್ರಗಳಿಗೆ ಎಳೆತವನ್ನು ಹಂಚುವ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಬರುವುದರಿಂದ, ಅದರಿಂದ ಚಕ್ರಗಳಿಗೆ ಹೊರಡುವ ಡ್ರೈವ್‌ಶಾಫ್ಟ್ ಎಂಬ ದಂಡಗಳು ಚಕ್ರದ ನಡುವಿಗೆ ನೇರವಾಗಿರಬೇಕಾದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಸಾಮಾನ್ಯವಾಗಿ ಆಕ್ಸಲ್ ರೇಖೆಗಿಂತ ಮುಂದೆ ಇರಬೇಕಾಗುತ್ತದೆ. ಹೀಗಾಗಿ ಕಾರಿನ ಅತಿ ಭಾರದ ಭಾಗವೇ ಮುಂದಿನ ಆಕ್ಸಲಿನ ಆಚೆಗೆ ವಾಲಿಕೊಂಡಿರುತ್ತದೆ. ಎಂಜಿನ್ನನ್ನು ನಾಲ್ಕು ಬೆರಳು ಹಿಂದಕ್ಕೆ ತಳ್ಳೋಣವೆಂದರೆ ಡ್ರೈವ್‌ಶಾಫ್ಟಿನ ಸಂಧಿಗಳು ಕೋನದಲ್ಲಿ ತಿರುಗಬೇಕಾಗಿ ಬಂದು ಬೇಗ ಸವೆಯುತ್ತವೆ. ಆದ್ದರಿಂದ ಎಂಜಿನ್ನಿನ ಜಾಗವನ್ನು ಬಿಟ್ಟು ಉಳಿದುದರಲ್ಲಿ ಏನು ಮಾಡಬಹುದೆಂಬುದಷ್ಟೇ ನಮ್ಮಂಥವರ ಮುಂದಿರುವ ಪ್ರಶ್ನೆ.

ಈಗ ಅಂಕಿಗಳಿಗೆ ಬರುತ್ತೇನೆ. ನನ್ನದು 2.5 ಮೀಟರ್ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ಅಂತರ) ಇರುವ ಸಾಧಾರಣ ಹ್ಯಾಚ್‌ಬ್ಯಾಕ್. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ, ಚಾಲಕನಿಲ್ಲದೆ ತೂಗಿದಾಗ ಅದು 1020 ಕಿಲೋ ಇತ್ತು. ಅದರಲ್ಲಿ 632 ಮುಂದೆ, 388 ಹಿಂದೆ, ಅಂದರೆ ಶೇಕಡ 62 ಭಾರ ಮುಂದಿನ ಆಕ್ಸಲಿನ ಮೇಲೆ. ಆಮೇಲೆ ಟರ್ಬೊ, ಅದಕ್ಕೆ ಹೊಗೆ ತರುವ ಮ್ಯಾನಿಫೋಲ್ಡ್, ಅದು ತಳ್ಳುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಆಯಿಲ್ ಕೂಲರ್ ಮತ್ತು ಅವುಗಳ ಕೊಳವೆಗಳೆಲ್ಲ ಸೇರಿ 24 ಕಿಲೋ ಏರಿತು. ಅಷ್ಟೂ ಸರಾಸರಿ ಮುಂದಿನ ಆಕ್ಸಲಿಗಿಂತ 40 ಸೆಂಟಿಮೀಟರ್ ಮುಂದಕ್ಕೆ ಬಂದು ಕುಳಿತಿತ್ತು. ಆಕ್ಸಲಿನಿಂದ ಆಚೆಗೆ ಚಾಚಿಕೊಂಡ ತೂಕ ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಅದು ಮುಂದಿನ ಆಕ್ಸಲನ್ನು ತನ್ನ ತೂಕಕ್ಕಿಂತ ಹೆಚ್ಚಾಗಿ ಅದುಮಿ, ಹಿಂದಿನ ಆಕ್ಸಲನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ. 24 ಕಿಲೋವನ್ನು ಹಿಂದಿನ ಆಕ್ಸಲಿನಿಂದ ಅದಕ್ಕಿರುವ ದೂರವಾದ 2.9 ಮೀಟರಿನಿಂದ ಗುಣಿಸಿ 2.5ರಿಂದ ಭಾಗಿಸಿದರೆ ಮುಂದಿನ ಆಕ್ಸಲಿಗೆ ಸುಮಾರು 28 ಕಿಲೋ ಸೇರಿತು, ಹಿಂದಿನದರಿಂದ ಸುಮಾರು 4 ಕಿಲೋ ಹೋಯಿತು. ಹಿಂದಿನ ಸೀಟು ಮತ್ತಿತರ ಸಾಮಾನನ್ನು ತೆಗೆದಾಗ ಹಿಂದಿನ ಆಕ್ಸಲಿನಿಂದ 48 ಕಿಲೋ ಹೋದರೆ ಮುಂದಿನದರಿಂದ ಹೋದದ್ದು ಬರಿಯ 4 ಕಿಲೋ. ಕೊನೆಗೆ ಉಳಿದದ್ದು ಮುಂದೆ 656, ಹಿಂದೆ 336. ಒಟ್ಟು 992 ಕಿಲೋದಲ್ಲಿ ಶೇಕಡ 66ಕ್ಕೂ ಸ್ವಲ್ಪ ಹೆಚ್ಚು ಭಾರ ಮೂತಿಯ ಕಡೆಗೆ ವಾಲಿತ್ತು.

ಹಗುರ ಮಾಡುವುದೆಂದರೆ ಒಳ್ಳೆಯದೇ ಎಂಬ ನಂಬಿಕೆ ಎಷ್ಟು ಅರ್ಧಸತ್ಯವೆಂದು ನನಗೆ ಅರ್ಥವಾದದ್ದು ಆಗ. ಕಾರಿನಲ್ಲಿ ಸುಲಭವಾಗಿ ಬಿಚ್ಚಲು ಬರುವ ಸಾಮಾನೆಲ್ಲ ಹಿಂಭಾಗದಲ್ಲಿದೆ, ಬಿಚ್ಚಲು ಕಷ್ಟವಾದದ್ದೆಲ್ಲ ಮುಂಭಾಗದಲ್ಲಿದೆ. ಆದ್ದರಿಂದ ಕೈಗೆ ಸಿಕ್ಕಿದ್ದನ್ನು ಮೊದಲು ತೆಗೆಯುವವರು ಮುಂಚಕ್ರ ಚಾಲನೆಯ ಕಾರಿನಲ್ಲಿ ಸಮತೋಲವನ್ನು ಕೆಡಿಸಿಯೇ ಆರಂಭಿಸುತ್ತಾರೆ. 2008ರಲ್ಲಿ ರೆನೋ ಕಂಪನಿ ಮೆಗಾನ್ ಆರ್26.ಆರ್ ಎಂಬ ಕಾರನ್ನು ತಂದಾಗ 123 ಕಿಲೋ ಇಳಿಸಿತ್ತು. ಹಿಂದಿನ ಸೀಟನ್ನು ಅವರೂ ತೆಗೆದಿದ್ದರು, ಆದರೆ ಅದರ ಜೊತೆಯಲ್ಲೇ ಬಾನೆಟ್ಟನ್ನು ಕಾರ್ಬನ್ ನಾರಿನಿಂದ ಮಾಡಿದ್ದರು. ಹಿಂದೆ ತೆಗೆಯುವವರು ಮುಂದೆಯೂ ತೆಗೆಯಬೇಕು, ಸಾಧ್ಯವಾದರೆ ಮುಂದೆ ಮೊದಲು ತೆಗೆಯಬೇಕು.

ಮೂತಿಯ ಭಾರ ಏಕೆ ಇಷ್ಟು ತೊಂದರೆ ಕೊಡುತ್ತದೆಂಬುದನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ. ಭಾರ ಏರಿದಂತೆ ಹಿಡಿತವೂ ಏರುತ್ತದೆ, ಆದರೆ ಪ್ರತಿ ಕಿಲೋಗೆ ದೊರೆಯುವ ಹಿಡಿತ ಕುಗ್ಗುತ್ತ ಹೋಗುತ್ತದೆ. ತಿರುವಿನಲ್ಲಿ ಮುಂದಿನ ಆಕ್ಸಲಿಗೆ ಅದರ ಮೇಲಿರುವ ತೂಕವನ್ನೆಲ್ಲ ಒಳಕ್ಕೆ ಎಳೆಯುವ ಕೆಲಸವಿದೆ, ಹಿಂದಿನ ಆಕ್ಸಲಿಗೆ ಅದರ ಪಾಲಿನ ತೂಕವನ್ನಷ್ಟೇ ಎಳೆಯುವ ಕೆಲಸವಿದೆ. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿದ್ದರೆ ಹೆಚ್ಚು ಹೊತ್ತಿರುವ ಜೋಡಿ ಮೊದಲು ಸೋಲುತ್ತದೆ. ಇದರ ಮೇಲೆ ಎಂಜಿನ್ನಿನ ಎಳೆತವನ್ನೂ, ಬ್ರೇಕಿನ ದೊಡ್ಡ ಪಾಲನ್ನೂ, ದಿಕ್ಕು ತಿರುಗಿಸುವ ಕೆಲಸವನ್ನೂ ಅದೇ ಎರಡು ಟೈರುಗಳಿಂದ ಬಯಸುತ್ತೇವೆ.

ಸುಧಾರಣೆಯ ಕೆಲಸ ಆರಂಭಿಸುವ ಮುನ್ನ ಅಳತೆಯ ವಿಧಾನವನ್ನು ಸರಿಪಡಿಸಿಕೊಂಡೆ. ಇದರಲ್ಲಿ ಅವಸರ ಮಾಡಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ನಾಲ್ಕು ತಕ್ಕಡಿಗಳ ಮೇಲ್ಮೈ ಒಂದೇ ಮಟ್ಟದಲ್ಲಿರಬೇಕು, ಒಂದೆರಡು ಮಿಲಿಮೀಟರಿನ ಏರುಪೇರು ಕೂಡ ಕರ್ಣಗಳ, ಅಂದರೆ ಓರೆಯಾಗಿ ಎದುರು ಬದುರಾದ ಚಕ್ರಗಳ ಜೋಡಿಗಳ, ಭಾರವನ್ನು ಬದಲಿಸಿಬಿಡುತ್ತದೆ. ಟೈರುಗಳಲ್ಲಿ ಎಂದಿನಷ್ಟೇ ಗಾಳಿ, ಟ್ಯಾಂಕಿನಲ್ಲಿ ಅರ್ಧದಷ್ಟು ಇಂಧನ, ಚಾಲಕನ ಸೀಟಿನಲ್ಲಿ ಚಾಲಕ, ನೇರವಾದ ಸ್ಟಿಯರಿಂಗ್, ಬಿಟ್ಟ ಹ್ಯಾಂಡ್‌ಬ್ರೇಕ್, ಇಷ್ಟಾದ ಮೇಲೆ ಕಾರನ್ನು ನಾಲ್ಕು ಮೂಲೆಗಳಲ್ಲಿ ಅದುಮಿ ಬಿಟ್ಟು ಸಸ್ಪೆನ್ಷನ್ ತನ್ನ ನೆಲೆಗೆ ಬರುವಂತೆ ಮಾಡಬೇಕು. ಇಂಧನದ ಮಾತನ್ನು ಅನೇಕರು ಮರೆಯುತ್ತಾರೆ. 40 ಲೀಟರ್ ಪೆಟ್ರೋಲಿನ ತೂಕ ಸುಮಾರು 30 ಕಿಲೋ, ಟ್ಯಾಂಕು ಹಿಂದಿನ ಸೀಟಿನ ಕೆಳಗಿದ್ದರೆ ಅದರಲ್ಲಿ 25 ಕಿಲೋ ಹಿಂದಿನ ಆಕ್ಸಲಿಗೆ ಸೇರುತ್ತದೆ. ತುಂಬಿದ ಟ್ಯಾಂಕಿನಲ್ಲಿ ಒಮ್ಮೆ, ಬರಿದಾದ ಟ್ಯಾಂಕಿನಲ್ಲಿ ಇನ್ನೊಮ್ಮೆ ತೂಗಿ ಹೋಲಿಸಿದರೆ ಎರಡು ಬೇರೆ ಕಾರುಗಳನ್ನು ಹೋಲಿಸಿದಂತೆಯೇ. ಲಾರಿಗಳನ್ನು ತೂಗುವ ವೇ ಬ್ರಿಡ್ಜಿನ ಮೇಲೆ ಒಂದೊಂದೇ ಆಕ್ಸಲನ್ನು ನಿಲ್ಲಿಸಿ ಸ್ಥೂಲವಾದ ಉತ್ತರ ಪಡೆಯಬಹುದು, ಆದರೆ ಅವು ಸಣ್ಣ ವ್ಯತ್ಯಾಸಗಳನ್ನು ತೋರಿಸುವಷ್ಟು ಸೂಕ್ಷ್ಮವಾಗಿರುವುದಿಲ್ಲ.

75 ಕಿಲೋ ತೂಕದ ನಾನು ಸೀಟಿನಲ್ಲಿ ಕುಳಿತಾಗ ಅಂಕಿಗಳು ಮುಂದೆ 692, ಹಿಂದೆ 375 ಎಂದಾದವು. ಚಾಲಕ ಕೂರುವ ಜಾಗ ವೀಲ್‌ಬೇಸಿನ ನಡುವಿಗೆ ಹತ್ತಿರವಿರುವುದರಿಂದ ಅವನ ತೂಕ ಎರಡು ಆಕ್ಸಲುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿ, ಮುಂದಿನ ಪಾಲು ಶೇಕಡ 64.9ಕ್ಕೆ ಇಳಿಯಿತು. ಕಾರು ಓಡುವುದು ಚಾಲಕನೊಂದಿಗೇ ಆದ್ದರಿಂದ ಇದೇ ನನ್ನ ಆರಂಭದ ಅಂಕಿ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಎತ್ತರ ಬದಲಿಸಬಲ್ಲ ಸ್ಪ್ರಿಂಗುಗಳಿದ್ದರೆ ಹಿಂಭಾಗವನ್ನು ತಗ್ಗಿಸಿ ತೂಕವನ್ನು ಹಿಂದಕ್ಕೆ ತರಬಹುದೆಂದು ಕೆಲವರು ಹೇಳುವುದುಂಟು. ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆಯೆಂದು ಹಿಡಿದು, ಹಿಂಭಾಗವನ್ನು 20 ಮಿಲಿಮೀಟರ್ ತಗ್ಗಿಸಿದರೆ, ಆ ಕೇಂದ್ರ ಹಿಂದಕ್ಕೆ ಸರಿಯುವುದು ಹೆಚ್ಚೆಂದರೆ 4 ಮಿಲಿಮೀಟರ್. ಅದರಿಂದ ಹಿಂದಿನ ಆಕ್ಸಲಿಗೆ ಸೇರುವ ಭಾರ ಎರಡು ಕಿಲೋ ಕೂಡ ಆಗುವುದಿಲ್ಲ. ಸ್ಪ್ರಿಂಗಿನ ಎತ್ತರವನ್ನು ಬದಲಿಸಿ ಸರಿಪಡಿಸಬಹುದಾದದ್ದು ಕರ್ಣದ ಭಾರವನ್ನು, ಅಂದರೆ ಎಡ ಮುಂದಿನ ಚಕ್ರ ಮತ್ತು ಬಲ ಹಿಂದಿನ ಚಕ್ರಗಳ ಮೊತ್ತವನ್ನು ಇನ್ನೊಂದು ಕರ್ಣದ ಮೊತ್ತಕ್ಕೆ ಸಮಗೊಳಿಸುವುದನ್ನು ಮಾತ್ರ. ಮುಂದು ಹಿಂದಿನ ಹಂಚಿಕೆ ಬದಲಾಗಬೇಕಾದರೆ ವಸ್ತುವೇ ಜಾಗ ಬದಲಿಸಬೇಕು, ಇಲ್ಲವೇ ಕಾರಿನಿಂದ ಹೊರಹೋಗಬೇಕು.

ನಾನು ಮೊದಲು ಕೈ ಹಾಕಿದ್ದು ಬ್ಯಾಟರಿಗೆ. ಅದು 15 ಕಿಲೋ ತೂಕದ ಸೀಸದ ಬ್ಯಾಟರಿ, ಮುಂದಿನ ಆಕ್ಸಲಿಗಿಂತ 10 ಸೆಂಟಿಮೀಟರ್ ಮುಂದೆ ಇತ್ತು. ಬ್ಯಾಟರಿಯನ್ನು ಡಿಕ್ಕಿಯ ಕೊನೆಯ ಮೂಲೆಗೆ ಒಯ್ಯುವುದು ವಾಡಿಕೆ. ಹಿಂದಿನ ಆಕ್ಸಲಿಗಿಂತ 40 ಸೆಂಟಿಮೀಟರ್ ಹಿಂದೆ ಅದನ್ನು ಇರಿಸಿದರೆ ಸರಿದ ದೂರ 3 ಮೀಟರ್ ಆಗಿ, 15ನ್ನು 3ರಿಂದ ಗುಣಿಸಿ 2.5ರಿಂದ ಭಾಗಿಸಿದಾಗ 18 ಕಿಲೋ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ತಕ್ಕಡಿಯ ದೃಷ್ಟಿಯಿಂದ ಇದೇ ಉತ್ತಮ. ಆದರೆ ಕಾರು ದಿಕ್ಕು ಬದಲಿಸುವಾಗ ತನ್ನ ಗುರುತ್ವ ಕೇಂದ್ರದ ಸುತ್ತ ತಿರುಗುತ್ತದೆ. ಆ ಕೇಂದ್ರದಿಂದ ದೂರವಿರುವ ತೂಕ ದೂರದ ವರ್ಗಕ್ಕೆ ಅನುಗುಣವಾಗಿ ಆ ತಿರುಗುವಿಕೆಯನ್ನು ತಡೆಯುತ್ತದೆ, ತಿರುಗಲು ಆರಂಭಿಸಿದ ಮೇಲೆ ನಿಲ್ಲಿಸಲೂ ಬಿಡುವುದಿಲ್ಲ. ನನ್ನ ಕಾರಿನ ಗುರುತ್ವ ಕೇಂದ್ರ ಮುಂದಿನ ಆಕ್ಸಲಿನಿಂದ ಸುಮಾರು 90 ಸೆಂಟಿಮೀಟರ್ ಹಿಂದಿತ್ತು. ಹಳೆಯ ಜಾಗದಲ್ಲಿ ಬ್ಯಾಟರಿ ಅದರಿಂದ 1 ಮೀಟರ್ ದೂರದಲ್ಲಿದ್ದರೆ, ಡಿಕ್ಕಿಯ ತುದಿಯಲ್ಲಿ 2 ಮೀಟರ್ ದೂರದಲ್ಲಿರುತ್ತಿತ್ತು. ಅಂದರೆ ಅದೇ ಬ್ಯಾಟರಿ ತಿರುಗುವಿಕೆಗೆ ಒಡ್ಡುವ ಜಡತ್ವ ನಾಲ್ಕು ಪಟ್ಟಾಗುತ್ತಿತ್ತು. ಆದ್ದರಿಂದ ನಾನು ಅದನ್ನು ಹಿಂದಿನ ಸೀಟಿದ್ದ ಜಾಗದಲ್ಲಿ, ಹಿಂದಿನ ಆಕ್ಸಲಿಗಿಂತ ಅರ್ಧ ಮೀಟರ್ ಮುಂದೆ, ನೆಲಕ್ಕೆ ಒತ್ತಿ ಇರಿಸಿದೆ. ಅಲ್ಲಿಂದ ಗುರುತ್ವ ಕೇಂದ್ರಕ್ಕೆ 1.1 ಮೀಟರ್, ಹೆಚ್ಚುಕಡಿಮೆ ಮೊದಲಿನಷ್ಟೇ ದೂರ. ಕನ್ನಡಿಯಲ್ಲಿ ಪ್ರತಿಬಿಂಬ ಬಿದ್ದಂತೆ, ಕೇಂದ್ರದ ಒಂದು ಬದಿಯಿಂದ ಇನ್ನೊಂದು ಬದಿಗೆ ತೂಕ ದಾಟಿತು, ಜಡತ್ವ ಅಷ್ಟಾಗಿ ಬೆಳೆಯಲಿಲ್ಲ. 18ರ ಬದಲು 12.6 ಕಿಲೋ ಮಾತ್ರ ಸರಿಯಿತು ಎಂಬುದಕ್ಕೆ ನನಗೆ ವಿಷಾದವಿಲ್ಲ.

ಬ್ಯಾಟರಿಯನ್ನು ಒಳಗೆ ತರುವವರು ಕೆಲವು ವಿಷಯಗಳಲ್ಲಿ ಸ್ವಲ್ಪವೂ ರಾಜಿ ಮಾಡಿಕೊಳ್ಳಬಾರದು. ನಾನು ಮೊದಲು ಈ ಕೆಲಸವನ್ನು ಒಪ್ಪಿಸಿದ್ದ ಗ್ಯಾರೇಜಿನಲ್ಲಿ ಬ್ಯಾಟರಿಯಿಂದ ಸ್ಟಾರ್ಟರಿನವರೆಗೆ ಮೂರು ಮೀಟರಿಗೂ ಉದ್ದದ ದಪ್ಪ ತಂತಿಯನ್ನು ಫ್ಯೂಸಿಲ್ಲದೆ ಎಳೆದಿದ್ದರು, ಅದು ನೆಲದ ತಗಡಿನ ಒಂದು ತೂತಿನ ಮೂಲಕ ರಬ್ಬರ್ ಬಳೆಯೂ ಇಲ್ಲದೆ ಹಾದುಹೋಗಿತ್ತು. ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊರೆದ ದಿನ ಬ್ಯಾಟರಿಯ ಶಕ್ತಿಯೆಲ್ಲ ಕಾರಿನ ತಗಡಿನ ಮೈಗೆ ಹರಿದು ಕಾರು ಹೊತ್ತಿಕೊಳ್ಳುತ್ತಿತ್ತು. ಬಿಚ್ಚಿಸಿ ನಾನೇ ಮತ್ತೆ ಮಾಡಿದೆ. ಫ್ಯೂಸ್ ಬ್ಯಾಟರಿಯ ಧನ ತುದಿಗೆ ಒಂದು ಗೇಣಿನೊಳಗೆ ಇರಬೇಕು, ತಂತಿ ಸ್ಟಾರ್ಟರಿನ ವಿದ್ಯುತ್ತನ್ನು ತಾಳುವಷ್ಟು ದಪ್ಪವಿರಬೇಕು, ಹಾದಿಯುದ್ದಕ್ಕೂ ಅದು ಅಲುಗದಂತೆ ಬಿಗಿದಿರಬೇಕು, ಋಣ ತುದಿಯ ತಂತಿ ಬಣ್ಣ ಕೆರೆದ ಶುಭ್ರ ಲೋಹಕ್ಕೆ ಕೂರಬೇಕು. ಸಾಮಾನ್ಯ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುವುದರಿಂದ ಜನರು ಕೂರುವ ಜಾಗದಲ್ಲಿ ಹೊರಗಾಳಿಗೆ ಕೊಳವೆಯಿರುವ ಮುಚ್ಚಿದ ಪೆಟ್ಟಿಗೆ ಬೇಕೇ ಬೇಕು. ಪೆಟ್ಟಿಗೆಯನ್ನು ತಗಡಿನ ತಿರುಪುಗಳಿಂದಲ್ಲ, ಕೆಳಗೆ ಅಗಲವಾದ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟಿನಿಂದ ಬಿಗಿಯಬೇಕು, ಅಪಘಾತದಲ್ಲಿ 15 ಕಿಲೋ ಸೀಸ ಚಾಲಕನ ತಲೆಯ ಹಿಂದೆ ಸಡಿಲವಾಗುವುದನ್ನು ಊಹಿಸಿದರೆ ಇದಕ್ಕೆ ಬೇರೆ ವಿವರಣೆ ಬೇಡ. ಪೆಟ್ಟಿಗೆ ಮತ್ತು ತಂತಿಯಿಂದ 4 ಕಿಲೋ ಏರಿತು. ಎಲ್ಲ ಸೇರಿ ಮುಂದೆ 680, ಹಿಂದೆ 391.

ಹಗುರವಾದ ಲಿಥಿಯಂ ಬ್ಯಾಟರಿಯನ್ನು ಮೊದಲಿನ ಜಾಗದಲ್ಲೇ ಇಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸುಮಾರು 10 ಕಿಲೋ ಉಳಿಯುತ್ತಿತ್ತು, ತಂತಿಯ ರಗಳೆ ಇರುತ್ತಿರಲಿಲ್ಲ. ಎಂಜಿನ್ ಕೋಣೆಯಲ್ಲಿ ಟರ್ಬೊದ ಬಿಸಿ ಅದಕ್ಕೆ ಒಗ್ಗುವುದಿಲ್ಲವೆಂಬ ಕಾರಣಕ್ಕೆ ನಾನು ಬೇಡವೆಂದೆ. ಟರ್ಬೊ ಇಲ್ಲದ, ಗಾಳಿ ಚೆನ್ನಾಗಿ ಆಡುವ ಕಾರಿನಲ್ಲಿ ಅದೇ ಹೆಚ್ಚು ಜಾಣತನದ ದಾರಿಯಾದೀತು.

ಎರಡನೆಯದು ಮೂತಿಯ ತುದಿ. ಆಕ್ಸಲಿನಿಂದ ಅತಿ ದೂರದಲ್ಲಿರುವುದನ್ನು ಮೊದಲು ಹಗುರ ಮಾಡಬೇಕೆಂಬುದು ಸನ್ನೆಕೋಲಿನ ಲೆಕ್ಕದಿಂದ ಸಹಜವಾಗಿ ಹೊರಡುವ ತೀರ್ಮಾನ. ಅಗತ್ಯಕ್ಕಿಂತ ದೊಡ್ಡದಾದ ಇಂಟರ್‌ಕೂಲರನ್ನು ಹಾಕಿಸಿಕೊಂಡಿದ್ದ ನಾನು ಎಂಜಿನ್ನಿಗೆ ತಕ್ಕ ಗಾತ್ರದ್ದನ್ನು ಹಾಕಿಸಿದಾಗ 6 ಕಿಲೋ ಉಳಿಯಿತು. ಅದಿದ್ದ ಜಾಗ ಆಕ್ಸಲಿನಿಂದ 65 ಸೆಂಟಿಮೀಟರ್ ಮುಂದಾದ್ದರಿಂದ ಮುಂದಿನ ಆಕ್ಸಲಿನ ಭಾರ 7.5 ಕಿಲೋ ಇಳಿದು, ಹಿಂದಿನದರ ಭಾರ ಒಂದೂವರೆ ಕಿಲೋ ಏರಿತು. ಕಾರಿನಿಂದ ಏನನ್ನೋ ತೆಗೆದು ಹಿಂದಿನ ಆಕ್ಸಲಿನ ಭಾರ ಹೆಚ್ಚಾಗುವುದನ್ನು ತಕ್ಕಡಿಯಲ್ಲಿ ಕಣ್ಣಾರೆ ನೋಡಿದಾಗ ಆದ ಸಂತೋಷ ಈಗಲೂ ನೆನಪಿದೆ. ಬಂಪರಿನೊಳಗೆ ಮೂಲೆಯಲ್ಲಿದ್ದ ಗಾಜು ತೊಳೆಯುವ ನೀರಿನ ದೊಡ್ಡ ತೊಟ್ಟಿಯ ಬದಲು ಚಿಕ್ಕದನ್ನು ಇರಿಸಿದ್ದರಿಂದ ಇನ್ನೂ 3 ಕಿಲೋ ಹೋಯಿತು. ಗಾಜುನಾರಿನ ಬಾನೆಟ್ಟಿನಿಂದ 9 ಕಿಲೋ, ನಡುವೆ ಅಲ್ಯೂಮಿನಿಯಂ ಇರುವ ಎರಡು ತುಂಡಿನ ಬ್ರೇಕ್ ಡಿಸ್ಕುಗಳಿಂದ 5 ಕಿಲೋ ಇಳಿಯಿತು. ಡಿಸ್ಕಿನ ತೂಕ ಸ್ಪ್ರಿಂಗಿನ ಕೆಳಗೆ ಚಕ್ರದೊಂದಿಗೇ ಏರಿಳಿಯುವಂಥದ್ದು, ಅದು ಇಳಿದದ್ದರಿಂದ ಉಬ್ಬು ತಗ್ಗಿನ ಮೇಲೆ ಟೈರು ನೆಲವನ್ನು ಬಿಡದೆ ಹಿಡಿಯಲು ನೆರವಾಯಿತೆಂಬುದು ಅದರ ಮೇಲಿನ ಲಾಭ.

ಬಂಪರಿನೊಳಗಿನ ಉಕ್ಕಿನ ತೊಲೆಯನ್ನು ಮಾತ್ರ ಮುಟ್ಟಲಿಲ್ಲ. ತೂಕದ ಲೆಕ್ಕದಲ್ಲಿ ಅದಕ್ಕಿಂತ ಆಕರ್ಷಕವಾದ ತುಂಡು ಕಾರಿನಲ್ಲಿ ಇನ್ನೊಂದಿಲ್ಲ, ಅದನ್ನು ಕತ್ತರಿಸಿ ತೆಗೆದವರ ಕಾರುಗಳನ್ನೂ ನೋಡಿದ್ದೇನೆ. ಎದುರಿನಿಂದ ಡಿಕ್ಕಿಯಾದಾಗ ಹೊಡೆತವನ್ನು ಎರಡೂ ಬದಿಯ ಚಾಸಿ ಕೋಲುಗಳಿಗೆ ಹಂಚಿ, ಅವು ಕ್ರಮವಾಗಿ ಮಡಚಿಕೊಳ್ಳುವಂತೆ ಮಾಡುವುದು ಆ ತೊಲೆ. ರಸ್ತೆಯಲ್ಲಿ ಓಡುವ ಕಾರಿನಿಂದ ಅದನ್ನು ತೆಗೆಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಸೀಟನ್ನು 7 ಸೆಂಟಿಮೀಟರ್ ಹಿಂದಕ್ಕೆ ಸರಿಸಿ, ಸ್ಟಿಯರಿಂಗನ್ನು ಅಷ್ಟೇ ಹತ್ತಿರ ತಂದುಕೊಂಡೆ. ಸೀಟೂ ನಾನೂ ಸೇರಿ 87 ಕಿಲೋ, ಅದರಿಂದ ಸರಿದದ್ದು ಎರಡೂವರೆ ಕಿಲೋಗಿಂತ ಕಡಿಮೆ. ಕಾಲಿಗೆ ಪೆಡಲುಗಳು ಪೂರ್ತಿಯಾಗಿ ಎಟುಕದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬಾರದು. 1990ರ ದಶಕದ ಎರಡು ಲೀಟರ್ ಟೂರಿಂಗ್ ಕಾರುಗಳ ಓಟದಲ್ಲಿ ಮುಂಚಕ್ರ ಚಾಲನೆಯ ಕಾರುಗಳ ಎಂಜಿನ್ನನ್ನು ತಗ್ಗಿಸಿ ಹಿಂದಕ್ಕೆ ತಳ್ಳಿ, ಚಾಲಕನನ್ನೂ ಕಾರಿನ ನಡುಭಾಗಕ್ಕೆ ಸರಿಸಿ ಕೂರಿಸುತ್ತಿದ್ದರು. ಅಲ್ಲಿ ಬಾಡಿಯನ್ನೇ ಹೊಸದಾಗಿ ಕಟ್ಟುವ ಅವಕಾಶವಿತ್ತು, ನಮಗೆ ಅದಿಲ್ಲ.

ಕೊನೆಯದಾಗಿ ಸ್ಟೆಪ್ನಿಯನ್ನು ಅದರ ಗುಂಡಿಗೆ ಮರಳಿ ಇರಿಸಿದೆ. ತೂಕ ಇಳಿಸಲು ಹೊರಟವನು 14 ಕಿಲೋ ಏರಿಸುವುದಕ್ಕೆ ಮನಸ್ಸು ಸುಲಭವಾಗಿ ಒಪ್ಪಲಿಲ್ಲ, ಡಿಕ್ಕಿಯ ತುದಿಯ ತೂಕದ ಬಗ್ಗೆ ಮೇಲೆ ನಾನೇ ಹೇಳಿದ ಜಡತ್ವದ ಆಕ್ಷೇಪ ಇದಕ್ಕೂ ಅನ್ವಯಿಸುತ್ತದೆ. ಆದರೆ ರಸ್ತೆಯಲ್ಲಿ ಓಡುವ ಕಾರಿಗೆ ಸ್ಟೆಪ್ನಿ ಬೇಕು. ಕಾರಿನಲ್ಲಿ ಇರಲೇಬೇಕಾದ ತೂಕ ಎಲ್ಲಿದ್ದರೆ ಒಳ್ಳೆಯದೆಂದು ಯೋಚಿಸುವುದು ಬೇರೆ, ತಕ್ಕಡಿಯ ಅಂಕಿಯನ್ನು ಸುಂದರ ಮಾಡಲು ಡಿಕ್ಕಿಯಲ್ಲಿ ಮರಳಿನ ಚೀಲ ಹೇರುವುದು ಬೇರೆ. ಎರಡನೆಯದನ್ನು ನಾನು ಮಾಡಲಾರೆ. ಕನಿಷ್ಠ ತೂಕದ ನಿಯಮವಿರುವ ಓಟಗಳಲ್ಲಿ ಮಾತ್ರ ಅದಕ್ಕೆ ಅರ್ಥವಿದೆ.

ಇಷ್ಟೂ ಆದ ಮೇಲೆ ತಕ್ಕಡಿ ತೋರಿಸಿದ್ದು ಮುಂದೆ 651, ಹಿಂದೆ 411. ಒಟ್ಟು 1062 ಕಿಲೋ, ಆರಂಭದ 1067ಕ್ಕಿಂತ ಐದೇ ಕಿಲೋ ಕಡಿಮೆ. ಆದರೆ ಮುಂದಿನ ಪಾಲು ಶೇಕಡ 64.9ರಿಂದ 61.3ಕ್ಕೆ ಇಳಿದಿತ್ತು.

ಕೆಲಸ ಮುಗಿಯಿತೆಂದು ನಾನು ಅಂದುಕೊಂಡದ್ದು ಇಲ್ಲಿ, ನಿಜವಾಗಿ ಅದು ಅರ್ಧಕ್ಕೆ ಬಂದಿತ್ತು. ಮೂತಿಯ ಭಾರದಿಂದ ಆಗುತ್ತಿದ್ದ ಅಂಡರ್‌ಸ್ಟಿಯರನ್ನು ಮರೆಮಾಚಲು ನಾನು ಹಿಂದೆಯೇ ಹಿಂಭಾಗಕ್ಕೆ 22 ಮಿಲಿಮೀಟರ್ ದಪ್ಪದ ಆಂಟಿ-ರೋಲ್ ಬಾರ್, ಅಂದರೆ ಎಡ ಬಲ ಚಕ್ರಗಳನ್ನು ಬೆಸೆದು ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು, ಹಾಕಿಸಿದ್ದೆ. ಅಂಥ ಬಾರ್ ತಿರುವಿನಲ್ಲಿ ಪಕ್ಕಕ್ಕೆ ವಾಲುವ ಭಾರದ ದೊಡ್ಡ ಪಾಲನ್ನು ಹಿಂದಿನ ಹೊರ ಟೈರಿನ ಮೇಲೆ ಹೇರಿ, ಹಿಂದಿನ ಜೋಡಿಯ ಹಿಡಿತವನ್ನು ಬೇಕೆಂದೇ ಕಡಿಮೆ ಮಾಡುತ್ತದೆ. ಹಿಂದಿನ ಒಳ ಚಕ್ರ ನೆಲ ಬಿಟ್ಟು ಮೇಲೇಳುವುದು ಮುಂಚಕ್ರ ಚಾಲನೆಯ ಕಾರುಗಳಲ್ಲಿ ಸಾಮಾನ್ಯ ದೃಶ್ಯ, ಒಮ್ಮೆ ಅದು ಎದ್ದ ಮೇಲೆ ಬಾರನ್ನು ಇನ್ನೆಷ್ಟು ದಪ್ಪ ಮಾಡಿದರೂ ಹೆಚ್ಚಿನ ಪರಿಣಾಮವಿಲ್ಲ. ಭಾರ ಹಿಂದಕ್ಕೆ ಬಂದ ಮೇಲೆ, ಬೇರೆ ವಾಹನಗಳಿಲ್ಲದ ಟ್ರ್ಯಾಕಿನ ಉದ್ದನೆಯ ತಿರುವೊಂದರಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಹಿಂಭಾಗ ತಟ್ಟನೆ ಹೊರಕ್ಕೆ ಬೀಸಿತು. ಹಿಂದಿನ ಟೈರುಗಳು ಈಗ ಮೊದಲಿಗಿಂತ 36 ಕಿಲೋ ಹೆಚ್ಚಿನ ತೂಕವನ್ನು ತಿರುವಿನೊಳಕ್ಕೆ ಎಳೆಯಬೇಕಿತ್ತು, ಅವುಗಳ ಹಿಡಿತವನ್ನು ಕುಗ್ಗಿಸುವ ಬಾರ್ ಮಾತ್ರ ಹಾಗೆಯೇ ಉಳಿದಿತ್ತು.

ಬಾರಿನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 22ರಿಂದ 19 ಮಿಲಿಮೀಟರಿಗೆ ಇಳಿದಾಗ ದಪ್ಪದಲ್ಲಿ ಕಾಣುವ ವ್ಯತ್ಯಾಸ ಸಣ್ಣದು, ಆದರೆ ಬಿಗಿತ ಶೇಕಡ 56ಕ್ಕೆ ಕುಸಿಯುತ್ತದೆ. 19ರ ಬಾರ್ ಹಾಕಿ, ಹಿಂದಿನ ಚಕ್ರಗಳ ಮುಂತುದಿಗಳನ್ನು ತುಸು ಒಳಮುಖವಾಗಿಸಿದ ಮೇಲೆ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರು ಮೂತಿಯನ್ನು ಮೆಲ್ಲಗೆ ತಿರುವಿನೊಳಕ್ಕೆ ತರುತ್ತದೆ, ಬೀಸುವುದಿಲ್ಲ. ಭಾರ ಹಂಚಿಕೆಯನ್ನು ಬದಲಿಸುವವರು ಹಳೆಯ ಹಂಚಿಕೆಯನ್ನು ಮುಚ್ಚಿಡಲು ಮಾಡಿದ ಪ್ರತಿಯೊಂದು ಹೊಂದಾಣಿಕೆಯನ್ನೂ ಮತ್ತೆ ತೆರೆದು ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಸ್ಪ್ರಿಂಗುಗಳ ಮಟ್ಟವೂ ಬದಲಾಗಿತ್ತು. ಮುಂದೆ ಒಂದೊಂದು ಚಕ್ರಕ್ಕೆ 20 ಕಿಲೋ ಇಳಿದದ್ದರಿಂದ ಮೂತಿ 7 ಮಿಲಿಮೀಟರಿನಷ್ಟು ಮೇಲೆದ್ದು, ಹಿಂಭಾಗ ಹೆಚ್ಚುಕಡಿಮೆ ಅಷ್ಟೇ ತಗ್ಗಿತ್ತು. ಎತ್ತರವನ್ನು ಮೊದಲಿನಂತೆ ಮಾಡಿ, ಕರ್ಣಗಳನ್ನು ಸಮಗೊಳಿಸಿ, ಚಕ್ರಗಳ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟಿನ ದಿಕ್ಕನ್ನು ಮತ್ತೆ ಸರಿಪಡಿಸಬೇಕಾಯಿತು.

ಬ್ರೇಕಿನಲ್ಲಿ ದೊರೆತ ಲಾಭ ನಾನು ಎಣಿಸಿದ್ದಕ್ಕಿಂತ ದೊಡ್ಡದು. ಕಾರು 1 ಜಿ ದರದಲ್ಲಿ, ಅಂದರೆ ಗುರುತ್ವದ ವೇಗೋತ್ಕರ್ಷಕ್ಕೆ ಸಮನಾದ ದರದಲ್ಲಿ, ನಿಧಾನಗೊಳ್ಳುವಾಗ, ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರಾದರೆ, ಒಟ್ಟು ತೂಕದ ಐದನೆಯ ಒಂದು ಭಾಗ ಹಿಂದಿನಿಂದ ಮುಂದಕ್ಕೆ ವಾಲುತ್ತದೆ. ಮೊದಲಿದ್ದ 375ರಲ್ಲಿ 213 ಕಳೆದರೆ ಹಿಂದಿನ ಆಕ್ಸಲಿನಲ್ಲಿ ಉಳಿಯುತ್ತಿದ್ದದ್ದು 162 ಕಿಲೋ. ಈಗ 411ರಲ್ಲಿ 212 ಕಳೆದು 199 ಉಳಿಯುತ್ತದೆ. ನಿಂತಾಗ ಹಿಂದಿನ ಆಕ್ಸಲ್ ಶೇಕಡ 10ಕ್ಕಿಂತ ಕಡಿಮೆ ಗಳಿಸಿದಂತೆ ಕಂಡರೂ, ಬ್ರೇಕ್ ಒತ್ತಿದ ಕ್ಷಣದಲ್ಲಿ ಅದರ ಗಳಿಕೆ ಶೇಕಡ 23. ಹಿಂದಿನ ಬ್ರೇಕುಗಳು ಅಷ್ಟರ ಮಟ್ಟಿಗೆ ಹೆಚ್ಚು ಕೆಲಸ ಮಾಡಬಲ್ಲವು, ಮುಂದಿನವು ಅಷ್ಟು ತಂಪಾಗಿ ಉಳಿಯುತ್ತವೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಹಿಂಭಾಗವನ್ನು ಬರಿದು ಮಾಡಿ ಬ್ರೇಕಿನ ಹಂಚಿಕೆಯನ್ನು ಮುಟ್ಟದೆ ಬಿಟ್ಟ ಕಾರಿನಲ್ಲಿ ಹಿಂದಿನ ಚಕ್ರಗಳು ಬೇಗನೆ ಲಾಕ್ ಆಗಿ ಕಾರು ಸುತ್ತಿಕೊಳ್ಳುವ ಅಪಾಯ ಎಷ್ಟು ಹತ್ತಿರದಲ್ಲಿದೆಯೆಂಬುದೂ ತಿಳಿಯುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಹಳೆಯ ಕಾರುಗಳಲ್ಲಿ ಇದು ಇನ್ನೂ ಗಂಭೀರ.

ಭಾರವನ್ನು ಇನ್ನಷ್ಟು ಹಿಂದಕ್ಕೆ ತರಲಾಗದಿದ್ದರೆ ಉಳಿಯುವುದು ಭಾರವಿರುವ ಕಡೆಗೆ ದೊಡ್ಡ ಟೈರು ಕೊಡುವ ದಾರಿ. 1955ರ ಸಿಟ್ರೊಯೆನ್ ಡಿಎಸ್ ಕಾರಿನಲ್ಲಿ ಮುಂದಿನ ಚಕ್ರಗಳ ನಡುವಿನ ಅಂತರ ಹಿಂದಿನದಕ್ಕಿಂತ ಸುಮಾರು 20 ಸೆಂಟಿಮೀಟರ್ ಹೆಚ್ಚಿತ್ತು, ಮುಂದಿನ ಟೈರುಗಳು ಹಿಂದಿನವುಗಳಿಗಿಂತ ಅಗಲವಾಗಿದ್ದವು. 2015ರಲ್ಲಿ ಲೆ ಮಾನ್ಸ್ ಓಟಕ್ಕೆ ನಿಸ್ಸಾನ್ ತಂದ ಮುಂಚಕ್ರ ಚಾಲನೆಯ ಕಾರಿನಲ್ಲಿ ಸುಮಾರು ಶೇಕಡ 65 ಭಾರವನ್ನು ಬೇಕೆಂದೇ ಮುಂದೆ ಇರಿಸಿ, ಮುಂದೆ 14 ಇಂಚು, ಹಿಂದೆ 9 ಇಂಚು ಅಗಲದ ಟೈರುಗಳನ್ನು ಹಾಕಿದ್ದರು. ಓಟದಲ್ಲಿ ಆ ಕಾರು ಸಫಲವಾಗಲಿಲ್ಲ, ಆದರೆ ಭಾರಕ್ಕೆ ತಕ್ಕ ಟೈರು ಎಂಬ ವಿಚಾರದಲ್ಲಿ ತಪ್ಪಿರಲಿಲ್ಲ.

ಶೇಕಡ 50ಕ್ಕೆ 50 ಎಂಬ ಅಂಕಿಯನ್ನು ನಾನು ಗುರಿಯಾಗಿ ಇಟ್ಟುಕೊಂಡಿಲ್ಲ, ಸಾಧ್ಯವಾಗುವಂತಿದ್ದರೂ ಇಟ್ಟುಕೊಳ್ಳುತ್ತಿರಲಿಲ್ಲ. ಕಾರು ವೇಗ ಹೆಚ್ಚಿಸಿಕೊಳ್ಳುವಾಗ ಭಾರ ಹಿಂದಕ್ಕೆ ವಾಲುತ್ತದೆ, ಎಳೆಯುವ ಚಕ್ರಗಳು ಮುಂದಿರುವುದರಿಂದ ಅವುಗಳ ಮೇಲಿನ ಒತ್ತಡ ಆಗಲೇ ಕಡಿಮೆಯಾಗುತ್ತದೆ. ಟೈರಿನ ಘರ್ಷಣಾಂಕ 1 ಎಂದಿಟ್ಟುಕೊಂಡರೆ, ಶೇಕಡ 64.9 ಮುಂಭಾರವಿದ್ದಾಗ ನನ್ನ ಕಾರು ಜಾರದೆ ಪಡೆಯಬಹುದಾಗಿದ್ದ ಗರಿಷ್ಠ ವೇಗೋತ್ಕರ್ಷ 0.54 ಜಿ, ಈಗ ಅದು 0.51 ಜಿ. ಶೇಕಡ 50ಕ್ಕೆ ಇಳಿದರೆ 0.42ಕ್ಕೆ ಕುಸಿಯುತ್ತದೆ. ಒದ್ದೆ ರಸ್ತೆಯಲ್ಲಿ, ಏರಿನಲ್ಲಿ, ಎರಡನೆಯ ಗೇರಿನಲ್ಲಿ ಟರ್ಬೊ ಎದ್ದಾಗ ಮುಂದಿನ ಚಕ್ರಗಳು ಮೊದಲಿಗಿಂತ ಬೇಗ ಸುತ್ತಿಕೊಳ್ಳುವುದನ್ನು ನಾನು ಈಗಾಗಲೇ ಗಮನಿಸಿದ್ದೇನೆ. ಸ್ಟೆಪ್ನಿ ಇಳಿಸಿ ಟ್ರ್ಯಾಕಿಗೆ ಹೋಗುವ ದಿನ ಅಂಕಿ 62ರ ಆಸುಪಾಸಿಗೆ ಮರಳುತ್ತದೆ, ಆ ದಿನ ಹಿಂದಿನ ಟೈರುಗಳಲ್ಲಿ ಸ್ವಲ್ಪ ಹೆಚ್ಚು ಗಾಳಿ ತುಂಬಿಕೊಳ್ಳುತ್ತೇನೆ. ಮುಂದಿನ ಟೈರುಗಳ ಹೊಸ ಜೋಡಿಯನ್ನು ಮೊನ್ನೆ ಆಳಮಾಪಕದಿಂದ ಅಳೆದಾಗ ಹೊರ ಅಂಚಿಗೂ ಒಳ ಅಂಚಿಗೂ ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸವಿರಲಿಲ್ಲ, ಹಿಂದಿನ ಟೈರುಗಳೂ ಈಗ ಸವೆಯತೊಡಗಿವೆ.